20 ಡಾಲರ್‌ಗೆ ಎಷ್ಟು ಸಿಗುತ್ತೆ ಅಂತ ಯಾರಿಗಾದರೂ ಗೊತ್ತಾ?

ಕಪಿಲಾ ದಂಡೆ · ಗುರುವಾರ ರಾತ್ರಿ 9:50

ನಾವು ಮೈಸೂರಿನಲ್ಲಿ ನಾಲ್ಕೇ ಜನರ ಟೀಮ್. ಶಾಲೆಗಳಿಗೆ ಫೀಸು, ಬಸ್ಸು, ಹಾಜರಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ನಾಲ್ವರಿಗೂ ಎಐ ಕೋಡಿಂಗ್ ಸಬ್‌ಸ್ಕ್ರಿಪ್ಷನ್ ಇದೆ, ತಲಾ ತಿಂಗಳಿಗೆ 20 ಡಾಲರಿನದು.

ಇವತ್ತು ಸಂಜೆ ಐದಕ್ಕೆ ನಂಜನಗೂಡಿನ ಒಂದು ಶಾಲೆಗೆ ಡೆಮೊ ಇತ್ತು. ಮೂರೂಮುಕ್ಕಾಲಿಗೆ ಫೀಸು ರಸೀದಿಯಲ್ಲಿ ತಪ್ಪು ಸಿಕ್ಕಿತು. ಒಂದೇ ಮನೆಯ ಎರಡನೇ ಮಗುವಿಗೆ ಕೊಡುವ ರಿಯಾಯಿತಿ ಎರಡು ಸಲ ಕಳೆಯುತ್ತಿತ್ತು. ಏಜೆಂಟ್‌ಗೆ, ಅಂದರೆ ತಾನೇ ಕೋಡ್ ಓದಿ ತಿದ್ದುವ ಆ ಎಐಗೆ, ಹೇಳಿದೆ. ಅದು ಹನ್ನೊಂದು ಫೈಲ್ ಓದಿತು, ಮೂರನ್ನು ತಿದ್ದಿತು, ನಾಲ್ಕನೆಯದರ ಮಧ್ಯದಲ್ಲಿ ನಿಂತುಬಿಟ್ಟಿತು. ಲಿಮಿಟ್ ಮುಗಿದಿದೆ, ಏಳೂವರೆಗೆ ಬನ್ನಿ ಅಂತ ಒಂದು ಸಾಲು. ಅರ್ಧಂಬರ್ಧ ತಿದ್ದಿದ ಕೋಡನ್ನು ಗಿಟ್‌ನಿಂದ (ಕೋಡಿನ ಹಳೇ ಪ್ರತಿಗಳನ್ನು ಇಡುವ ಟೂಲ್) ಹಿಂದಕ್ಕೆ ಹಾಕಿ, ಕೊನೆಗೆ ನಾನೇ ಕೂತು ಸರಿ ಮಾಡಿದೆ. ಆರು ಸಾಲಿನ ಕೆಲಸ. ಅದು ಬೇರೆ ನಾಚಿಕೆ.

ಲಿಮಿಟ್ ಇದೆ ಅಂತ ನನಗೆ ಸಿಟ್ಟಿಲ್ಲ. ಬೆಳಗ್ಗೆಯಿಂದ ಎಷ್ಟು ಖರ್ಚಾಗಿದೆ, ಎಷ್ಟು ಉಳಿದಿದೆ ಅಂತ ಎಲ್ಲೂ ಕಾಣಲಿಲ್ಲ, ಅದಕ್ಕೆ ಸಿಟ್ಟು. ದರದ ಪುಟ ತೆಗೆದು ನೋಡಿದರೆ ಮೇಲಿನ ಪ್ಲಾನ್‌ಗೆ 'ಇನ್ನೂ ಹೆಚ್ಚು ಬಳಕೆ' ಅಂತ ಬರೆದಿದ್ದಾರೆ. ಯಾವುದಕ್ಕಿಂತ ಹೆಚ್ಚು? ಕೆಳಗಿನ ಪ್ಲಾನ್ ಎಷ್ಟು ಅಂತಲೇ ಅಲ್ಲಿ ಇಲ್ಲ.

ನಮ್ಮ ಪಾರ್ಟ್‌ನರ್ ಮುಂದಿನ ವರ್ಷದ ಬಜೆಟ್ ಬರೆಯುತ್ತಿದ್ದಾರೆ. 'ಎಐಗೆ ತಿಂಗಳಿಗೆ ಎಷ್ಟು ಹಾಕಲಿ?' ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ನೀವೆಲ್ಲ ಏನು ಹೇಳುತ್ತೀರಿ?

ಸೆಮಿಕೋಲನ್ · 9:58

ಯಾವ ಟೂಲ್ ಮೇಡಂ?

ಕಪಿಲಾ ದಂಡೆ · 10:01

ಹೆಸರು ಬೇಡ ಬಿಡಿ. ಹಾಕಿದರೆ ನಾಳೆ ಬೆಳಗ್ಗೆವರೆಗೆ 'ಅದು ಬಿಟ್ಟು ಇದು ತಗೊಳ್ಳಿ' ಅನ್ನೋದೇ ನಡೆಯುತ್ತೆ.

ಹಳೇ ಕಂಪೈಲರ್ · 10:25

ಇದು ನಿಮ್ಮ ಒಬ್ಬರ ಕಥೆಯಲ್ಲ. 2025ರ ಜೂನ್‌ನಿಂದ ಆಗಸ್ಟ್‌ವರೆಗೆ ಸಾಲಾಗಿ ಎಲ್ಲರೂ ಇದನ್ನೇ ಮಾಡಿದರು.

2022ರಲ್ಲಿ ಗಿಟ್‌ಹಬ್ ಕೋಪೈಲಟ್ 10 ಡಾಲರ್‌ಗೆ ಬಂದಾಗ ಅದು ಮುಂದಿನ ಸಾಲು ಊಹಿಸಿ ಕೊಡುತ್ತಿತ್ತು, ಅಷ್ಟೇ. ಯಾರು ಎಷ್ಟೇ ಟೈಪ್ ಮಾಡಿದರೂ ಒಬ್ಬರಿಗೂ ಇನ್ನೊಬ್ಬರಿಗೂ ಖರ್ಚಿನಲ್ಲಿ ಭಾರೀ ವ್ಯತ್ಯಾಸ ಬರುತ್ತಿರಲಿಲ್ಲ. ಆಮೇಲೆ ಏಜೆಂಟ್ ಬಂತು. ಒಂದು ಮಾತು ಹೇಳಿದರೆ ತಾನೇ ಫೈಲ್ ಹುಡುಕಿ, ಓದಿ, ತಿದ್ದಿ, ಟೆಸ್ಟ್ ಓಡಿಸಿ, ತಪ್ಪಾದರೆ ಮತ್ತೆ ಶುರು ಮಾಡುತ್ತೆ. ಈಗ ಒಬ್ಬ ನೂರು ಜನರಷ್ಟು ತಿನ್ನಬಲ್ಲ. ದರ ಮಾತ್ರ ಹಳೇದೇ ಇತ್ತು.

ಕರ್ಸರ್ ಅನ್ನೋ ಎಐ ಕೋಡಿಂಗ್ ಟೂಲ್ ನೆನಪಿದೆಯಾ? ಪ್ರೊ ಪ್ಲಾನ್‌ನಲ್ಲಿ ತಿಂಗಳಿಗೆ 500 ಫಾಸ್ಟ್ ರಿಕ್ವೆಸ್ಟ್ ಅಂತ ಇತ್ತು. ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಜೂನ್ 16ಕ್ಕೆ ಅದನ್ನು ತೆಗೆದು, ಎಪಿಐ ದರದಲ್ಲಿ (ಚಂದಾ ಇಲ್ಲದೆ ಬಳಸಿದಷ್ಟಕ್ಕೆ ಕೊಡುವ ದರ) 20 ಡಾಲರ್ ಮೌಲ್ಯದ ಬಳಕೆ ಅಂತ ಮಾಡಿದರು. ದುಬಾರಿ ಮಾಡೆಲ್ ಹಿಡಿದವರಿಗೆ ಕೆಲವೇ ದಿನದಲ್ಲಿ ಖಾಲಿ. ಮೇಲೆ ಬಿಲ್ಲು ಬೇರೆ ಬಂತು. ಜುಲೈ 4ಕ್ಕೆ ಕಂಪನಿಯೇ ಕ್ಷಮೆ ಕೇಳಿ, ಆ ನಡುವೆ ಗೊತ್ತಿಲ್ಲದೆ ಬಿದ್ದ ಹಣ ವಾಪಸ್ ಕೊಡುತ್ತೇವೆ ಅಂತ ಹೇಳಿತು.

ಅದೇ ಜೂನ್ 18ಕ್ಕೆ ಕೋಪೈಲಟ್‌ನವರು ಪ್ರೀಮಿಯಂ ರಿಕ್ವೆಸ್ಟ್, ಅಂದರೆ ದುಬಾರಿ ಮಾಡೆಲ್‌ಗೆ ಕೇಳುವ ಪ್ರಶ್ನೆಗಳ, ಲೆಕ್ಕ ಜಾರಿಗೆ ತಂದರು. 10 ಡಾಲರ್ ಪ್ಲಾನ್‌ಗೆ ತಿಂಗಳಿಗೆ 300, 39 ಡಾಲರಿನದಕ್ಕೆ 1500, ಮೀರಿದರೆ ಒಂದಕ್ಕೆ 4 ಸೆಂಟ್. ಬೈದವರು ಬೈದರು. ಆದರೆ ನನ್ನ ಪ್ರಕಾರ ಇದ್ದವರಲ್ಲಿ ಅವರೇ ವಾಸಿ. ಕಡಿಮೆ ಕೊಟ್ಟರು, ಆದರೆ ಎಣಿಸಿ ಕೊಟ್ಟರು.

ಬೈಟೂ ಕಾಫಿ · 10:31

ಆ 300ರಲ್ಲೂ ಗುಣಾಕಾರ ಇತ್ತಲ್ಲ ಗುರು? ಒಂದು ಮಾಡೆಲ್‌ಗೆ ಒಂದು ಪ್ರಶ್ನೆ ಅಂದ್ರೆ ಒಂದು, ಇನ್ನೊಂದಕ್ಕೆ ಒಂದು ಪ್ರಶ್ನೆ ಅಂದ್ರೆ ಹತ್ತು.

ಹಳೇ ಕಂಪೈಲರ್ · 10:36

ಇತ್ತು. ಆದರೆ ಆ ಗುಣಾಕಾರದ ಪಟ್ಟಿ ಮೊದಲೇ ಕಣ್ಣಿಗೆ ಕಾಣುತ್ತಿತ್ತು. ನಾನು ಕೇಳುತ್ತಿರುವುದು ಅಷ್ಟೇ.

ಆಂಥ್ರಾಪಿಕ್ ಕಂಪನಿಯ ಕೋಡಿಂಗ್ ಏಜೆಂಟ್ ಕ್ಲಾಡ್ ಕೋಡ್‌ದು ಇನ್ನೊಂದು ಬಗೆ. ಐದು ಗಂಟೆಗೊಮ್ಮೆ ಹೊಸದಾಗುವ ಲಿಮಿಟ್ ಮೊದಲೇ ಇತ್ತು. ಆಂಥ್ರಾಪಿಕ್ 2025ರ ಜುಲೈ 28ಕ್ಕೆ ಹೇಳಿ, ಆಗಸ್ಟ್ 28ರಿಂದ ಅದರ ಮೇಲೆ ವಾರದ ಲಿಮಿಟ್ ಹಾಕಿತು. ಶೇ 5ಕ್ಕಿಂತ ಕಡಿಮೆ ಜನರಿಗೆ ತಟ್ಟುತ್ತೆ ಅಂದರು. ಅಂದಾಜಿನ ಗಂಟೆಗಳನ್ನೂ ಕೊಟ್ಟರು: 20 ಡಾಲರ್ ಪ್ಲಾನ್‌ಗೆ ವಾರಕ್ಕೆ ಸಾನೆಟ್ 4 ಮಾಡೆಲ್‌ನಲ್ಲಿ 40ರಿಂದ 80 ಗಂಟೆ, 100 ಡಾಲರ್‌ಗೆ 140ರಿಂದ 280, 200 ಡಾಲರ್‌ಗೆ 240ರಿಂದ 480.

ಒಂದು ತಿಂಗಳು ಮುಂಚೆ ಹೇಳಿದ್ದು ಒಳ್ಳೇದೇ. ಆದರೆ ಆ ಅಂಕಿಗಳನ್ನು ಸ್ವಲ್ಪ ನೋಡಿ. ಕೆಳಗಿನದಕ್ಕೂ ಮೇಲಿನದಕ್ಕೂ ಎರಡು ಪಟ್ಟು ಅಂತರ. 'ಈ ಬಸ್ಸು ಮಂಗಳೂರಿಗೆ ಎಂಟು ಗಂಟೆಯಿಂದ ಹದಿನಾರು ಗಂಟೆಯಲ್ಲಿ ಹೋಗುತ್ತೆ' ಅಂದ ಹಾಗೆ. ಇನ್ನೊಂದು: ಆ ಎರಡು ದೊಡ್ಡ ಪ್ಲಾನ್‌ಗಳ ಹೆಸರು '5 ಪಟ್ಟು', '20 ಪಟ್ಟು' ಅಂತ. ಹೆಸರಲ್ಲಿ ನಾಲ್ಕರಷ್ಟು ವ್ಯತ್ಯಾಸ, ವಾರದ ಗಂಟೆಯಲ್ಲಿ ಎರಡರಷ್ಟೂ ಇಲ್ಲ. ಪಟ್ಟು ಅನ್ನೋದು ಐದು ಗಂಟೆಯ ಲಿಮಿಟ್‌ಗೆ, ಗಂಟೆ ಅನ್ನೋದು ವಾರಕ್ಕೆ. ಎರಡು ಬೇರೆ ಬೇರೆ ಅಳತೆ. ಇಷ್ಟು ತಿಳಿಯಲು ನನಗೆ ಒಂದು ಭಾನುವಾರ ಹೋಯಿತು.

ಆಮೇಲೆ ಎಷ್ಟು ಬಳಸಿದ್ದೀರಿ ಅಂತ ತೋರಿಸುವ ಕಮಾಂಡ್ ಕೊಟ್ಟರು. ಅದನ್ನೂ ಹೇಳಬೇಕು.

ಲೆಕ್ಕದ ಬುಕ್ಕು · 11:10

ಕಪಿಲಾ ಅವರೇ, ಹನ್ನೊಂದು ಫೈಲ್ ಓದಿ ಅರ್ಧಕ್ಕೆ ನಿಂತಿದ್ದು ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಸಬ್‌ಸ್ಕ್ರಿಪ್ಷನ್‌ನ ಒಳಗೆ ಏನು ನಡೆಯುತ್ತೆ ಅಂತ ಕಾಣಲ್ಲ, ಅದಕ್ಕೆ ಎಪಿಐ ದರ ಹಿಡಿಯೋಣ. ಸಾನೆಟ್ 4ಕ್ಕೆ ಹತ್ತು ಲಕ್ಷ ಟೋಕನ್ (ಮಾಡೆಲ್ ಓದುವ, ಬರೆಯುವ ಪದದ ತುಂಡು) ಒಳಗೆ ಕಳಿಸಲು 3 ಡಾಲರ್, ಹೊರಗೆ ಬರಲು 15 ಡಾಲರ್ ಇತ್ತು.

ಮಾಡೆಲ್‌ಗೆ ನೆನಪಿಲ್ಲ. ಪ್ರತಿ ಹೆಜ್ಜೆಗೂ ಮೊದಲಿನಿಂದ ಆಡಿದ ಮಾತು, ಓದಿದ ಫೈಲು, ಎಲ್ಲಾ ಮತ್ತೆ ಕಳಿಸಬೇಕು. ನೀವು ಕೇಳಿದ್ದು ನಾಲ್ಕೇ ಪ್ರಶ್ನೆ ಇರಬಹುದು. ಏಜೆಂಟ್ ಒಳಗೆ ನಲವತ್ತು ಹೆಜ್ಜೆ ಇಟ್ಟಿರುತ್ತೆ. ಮೊದಲ ಹೆಜ್ಜೆಗೆ 30 ಸಾವಿರ ಟೋಕನ್, ಕೊನೆಯದಕ್ಕೆ 90 ಸಾವಿರ ಅಂತ ಇಟ್ಟುಕೊಳ್ಳಿ. ಸರಾಸರಿ 60 ಸಾವಿರ. ನಲವತ್ತರಿಂದ ಗುಣಿಸಿದರೆ 24 ಲಕ್ಷ. ಬರೀ ಓದಿಸಲು 7.20 ಡಾಲರ್, ಡಾಲರ್‌ಗೆ 88 ರೂಪಾಯಿ ಹಿಡಿದರೆ 630 ರೂಪಾಯಿ ಮೇಲಾಯಿತು. ಅದು ಬರೆದುಕೊಟ್ಟ ಕೋಡಿಗೆ 25 ರೂಪಾಯಿ ಕೂಡ ಆಗಿರಲ್ಲ.

ಇದನ್ನು ಉಳಿಸುವುದು ಕ್ಯಾಷ್. ಒಮ್ಮೆ ಕಳಿಸಿದ್ದನ್ನು ಅವರ ಕಡೆ ಇಟ್ಟುಕೊಂಡರೆ ಮತ್ತೆ ಓದಲು ಹತ್ತನೇ ಒಂದು ಭಾಗದ ದರ. ಆಗ ಅದೇ ಕೆಲಸ ನೂರಿಪ್ಪತ್ತು ರೂಪಾಯಿ ಸುತ್ತಮುತ್ತ ಮುಗಿಯುತ್ತೆ. ಆದರೆ ಮಾಮೂಲಿ ಕ್ಯಾಷ್ 5 ನಿಮಿಷ ಸುಮ್ಮನಿದ್ದರೆ ಹೋಗುತ್ತೆ, ಹೊಸದಾಗಿ ಬರೆಯಲು ಶೇ 25 ಜಾಸ್ತಿ.

ಅಂದರೆ ಏನು? 80 ಸಾವಿರ ಟೋಕನ್ ತುಂಬಿದ ಸೆಷನ್ ಬಿಟ್ಟು ನೀವು ಟೀ ಕುಡಿಯಲು ಹೋಗುತ್ತೀರಿ. ಹತ್ತು ನಿಮಿಷ ಬಿಟ್ಟು ಬಂದು 'ಹೂಂ, ಮುಂದುವರಿಸು' ಅಂತ ಟೈಪ್ ಮಾಡುತ್ತೀರಿ. ಕ್ಯಾಷ್ ಇದ್ದಿದ್ದರೆ ಆ ಮಾತಿಗೆ 2 ರೂಪಾಯಿ. ಈಗ 26 ರೂಪಾಯಿ. ಟೀಗಿಂತ ಜಾಸ್ತಿ.

ಹಾಗಾಗಿ 'ದಿನಕ್ಕೆ ಇಷ್ಟು ಪ್ರಶ್ನೆ' ಅಂತ ಕಂಪನಿ ಬರೆಯಲು ಹೆದರುವುದರಲ್ಲಿ ಅರ್ಥವಿದೆ. ಒಂದೇ ಪ್ರಶ್ನೆ 2 ರೂಪಾಯಿಯೂ ಆಗಬಹುದು, 600 ರೂಪಾಯಿಯೂ ಆಗಬಹುದು.

ಸೆಮಿಕೋಲನ್ · 11:14

ಇನ್ಮೇಲೆ ಟೀ ಅಂಗಡಿಗೂ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗ್ತೀನಿ.

ಸಿಯಾಟಲ್ ಮಳೆ · ಶುಕ್ರವಾರ ಬೆಳಗ್ಗೆ 6:40

ಎಲ್ಲರೂ ಬೈಯುತ್ತಿದ್ದೀರಿ, ಆ ಕಡೆಯ ಮಾತನ್ನೂ ಒಬ್ಬರು ಹೇಳಬೇಕಲ್ಲ. ನಾನು ಕ್ಲೌಡ್ ಕಂಪನಿಯೊಂದರಲ್ಲಿ ಸರ್ವರ್ ಕೆಪ್ಯಾಸಿಟಿ ನೋಡಿಕೊಳ್ಳುವವನು. ಎಐ ಕಂಪನಿ ಅಲ್ಲ.

2025ರ ಜನವರಿಯಲ್ಲಿ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ ಅವರೇ ಬರೆದಿದ್ದರು, 200 ಡಾಲರಿನ ಪ್ರೊ ಪ್ಲಾನ್‌ನಲ್ಲೂ ನಮಗೆ ನಷ್ಟ, ಜನ ಎಣಿಸಿದ್ದಕ್ಕಿಂತ ಹೆಚ್ಚು ಬಳಸುತ್ತಿದ್ದಾರೆ ಅಂತ. ವಾರದ ಲಿಮಿಟ್ ಹಾಕುವಾಗ ಆಂಥ್ರಾಪಿಕ್ ಹೇಳಿದ್ದು ಇನ್ನೂ ಜೋರು: 200 ಡಾಲರ್ ಕೊಟ್ಟ ಒಬ್ಬ ಗ್ರಾಹಕ ಹತ್ತಾರು ಸಾವಿರ ಡಾಲರ್ ಬೆಲೆಯ ಬಳಕೆ ಮಾಡಿದ್ದ. ಏಜೆಂಟನ್ನು ಹಗಲೂ ರಾತ್ರಿ ಓಡಿಸುವವರು, ಅಕೌಂಟ್ ಹಂಚಿಕೊಳ್ಳುವವರು, ಮಾರುವವರು ಎಲ್ಲಾ ಇದ್ದಾರೆ.

ಇದು ಫುಲ್ ಮೀಲ್ಸ್ ವ್ಯಾಪಾರ. ಕಡಿಮೆ ಉಣ್ಣುವವರ ದುಡ್ಡಿನಲ್ಲಿ ಜಾಸ್ತಿ ಉಣ್ಣುವವರ ಊಟ. ಇಷ್ಟು ಸೌಟು ಸಾರು ಅಂತ ಗೋಡೆ ಮೇಲೆ ಬರೆದರೆ ಎಲ್ಲರೂ ಅಷ್ಟನ್ನೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೇ ಬರೆಯಲ್ಲ. ಮೇಲಾಗಿ ಸಂಜೆ ರಶ್‌ನಲ್ಲಿ ಕೊಡಲು ಆಗುವುದೇ ಬೇರೆ, ಮಧ್ಯರಾತ್ರಿ ಆಗುವುದೇ ಬೇರೆ.

ಕಪಿಲಾ ದಂಡೆ · 8:05

ಸರ್, ಫುಲ್ ಮೀಲ್ಸ್ ಹೋಟೆಲಿನಲ್ಲಿ 'ಪಾರ್ಸೆಲ್ ಇಲ್ಲ, ಹಂಚಿಕೊಳ್ಳುವ ಹಾಗಿಲ್ಲ' ಅಂತ ಬೋರ್ಡ್ ಇರುತ್ತೆ. ಅನ್ನ ಖಾಲಿಯಾಗುವ ಮುಂಚೆ ಬಡಿಸುವವರು ಬಂದು 'ಇನ್ನೊಂದ್ಸಲ ಅಷ್ಟೇ' ಅನ್ನುತ್ತಾರೆ. ಬಾಯಿಗೆ ಇಡುವಾಗ ತುತ್ತು ಕಿತ್ತುಕೊಳ್ಳಲ್ಲ.

ಸಿಯಾಟಲ್ ಮಳೆ · 8:20

ಒಪ್ಪಿದೆ. ಮೊದಲೇ ಎಚ್ಚರಿಕೆ ಕೊಡದಿರುವುದಕ್ಕೆ ಕೆಪ್ಯಾಸಿಟಿ ನೆಪ ಆಗಲ್ಲ. ಕೆಲಸ ಅರ್ಧಕ್ಕೆ ನಿಲ್ಲಿಸದೆ ಆ ಒಂದು ಕೆಲಸ ಮುಗಿಸಲು ಬಿಡುವುದೂ ಕಷ್ಟವಲ್ಲ.

ಬ್ಯಾಡಗಿ ಖಾರ · 9:30

ನಂದು ಹಾವೇರಿ ಜಿಲ್ಲೆ, ಕೆಲಸ ಹುಬ್ಬಳ್ಳಿಯಲ್ಲಿ. ನಿಮ್ಮ ಊಟದ ಹೋಲಿಕೆಗಿಂತ ನಮ್ಮ ಹೊಲದ್ದು ಸರಿ ಹೊಂದುತ್ತೆ ನೋಡ್ರಿ.

ಪಂಪ್‌ಸೆಟ್‌ಗೆ 10 ಎಚ್‌ಪಿ ತನಕ ಬಿಲ್ ಇಲ್ಲ. ಬಿಲ್ ಇಲ್ಲ ಅಂದ ಮೇಲೆ ಹೆಚ್ಚಿನವರು ಮೀಟರ್ ಕಡೆ ನೋಡುವುದೂ ಇಲ್ಲ. ಅಷ್ಟು ಕರೆಂಟ್ ಪುಕ್ಕಟೆ ಕೊಡಲು ಆಗಲ್ಲ, ಹಾಗಾಗಿ ಹೊತ್ತು ನೋಡಿ ಹಂಚುತ್ತಾರೆ. ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಅಂತ ಲೆಕ್ಕ. ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು. ನಮ್ಮಪ್ಪ ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಹಾವು, ಚಳಿ. ಆಮೇಲೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಚಾಲೂ. ನೀರು ಬೇಕೋ ಬೇಡವೋ ಹರಿಯುತ್ತೆ. ಇಡೀ ಲೈನಿನ ಮೋಟರ್‌ಗಳು ಒಂದೇ ಸಲ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೋಗುತ್ತೆ. ಸುಟ್ಟರೆ ಇಡೀ ಊರಿಗೆ ಇಲ್ಲ.

ನಮ್ಮ ಆಫೀಸಿನಲ್ಲಿ ಈಗ ಏನು ನಡೆದಿದೆ ಹೇಳ್ತೀನಿ ಕೇಳ್ರಿ. ಕೆಲವು ಟೂಲ್‌ಗಳಲ್ಲಿ ಮೊದಲ ಮೆಸೇಜ್ ಕಳಿಸಿದ ಹೊತ್ತಿನಿಂದ ಐದು ಗಂಟೆ ಎಣಿಸುತ್ತಾರಲ್ಲ, ಅದಕ್ಕೆ ಒಬ್ಬ ಬೆಳಗ್ಗೆ ಆರಕ್ಕೆ ತಾನೇ 'ಹಾಯ್' ಅಂತ ಕಳಿಸುವ ಸ್ಕ್ರಿಪ್ಟ್ ಬರೆದಿದ್ದಾನೆ. ಹನ್ನೊಂದಕ್ಕೆ ಹೊಸ ಲಿಮಿಟ್ ಸಿಗಲಿ ಅಂತ. ಇನ್ನೊಬ್ಬ ವಾರ ಮುಗಿಯುವ ಹಿಂದಿನ ರಾತ್ರಿ, ಉಳಿದಿದ್ದು ಹಾಳಾಗುತ್ತಲ್ಲ ಅಂತ, ಬೇಡದ ಟೆಸ್ಟ್‌ಗಳನ್ನೆಲ್ಲ ಬರೆಸಿ ಮಲಗುತ್ತಾನೆ. ಇದು ಆಟೋ ಸ್ಟಾರ್ಟರೇ, ಬೇರೇನಲ್ಲ.

ಮೀಟರ್ ಕಣ್ಣಿಗೆ ಬೀಳದ ಕಡೆ ಮನುಷ್ಯ ಹೀಗೇ ಮಾಡುತ್ತಾನೆ. ನಮ್ಮಪ್ಪ ಕಳ್ಳ ಅಲ್ಲ, ಆ ಹುಡುಗರೂ ಅಲ್ಲ. ಇವತ್ತು ಬಿಟ್ಟರೆ ನಾಳೆ ಎಷ್ಟು ಸಿಗುತ್ತೋ ಅನ್ನುವ ಭಯ.

ಬೈಟೂ ಕಾಫಿ · 9:41

ಖಾರ ಅಣ್ಣ, ಇದು ಓದಿ ನಮ್ಮ ತಾತನ ಬೋರ್‌ವೆಲ್ ನೆನಪಾಯ್ತು. ಆ 'ಹಾಯ್' ಸ್ಕ್ರಿಪ್ಟ್ ನಾನೂ ಬರೆದಿದ್ದೀನಿ, ತೆಗೀತೀನಿ ಇವತ್ತು.

ಬ್ಯಾಡಗಿ ಖಾರ · 9:43

ತೆಗೀಬೇಡ ತಮ್ಮಾ. ಎಲ್ಲರೂ ಹಾಕಿದ ಮೇಲೆ ನೀನೊಬ್ಬ ತೆಗೆದರೆ ನಿನ್ನ ಹೊಲ ಒಣಗುತ್ತೆ ಅಷ್ಟೇ.

ಒತ್ತಕ್ಷರ · 11:15

ಬೇರೆ ಪ್ರಶ್ನೆ. ನಾನು ಏಜೆಂಟ್ ಜೊತೆ ಕನ್ನಡದಲ್ಲೇ ಮಾತಾಡುತ್ತೇನೆ. ಅದರಿಂದ ನನ್ನ ಲಿಮಿಟ್ ಬೇಗ ಮುಗಿಯುತ್ತಾ?

ಲೆಕ್ಕದ ಬುಕ್ಕು · 11:40

ಸ್ವಲ್ಪ ಹೌದು. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್. 'ಕ್ಷ' ನಮಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ ಕ, ಹಲಂತ, ಷ ಸೇರಿ 9 ಬೈಟ್. ಟೋಕನ್ ಮಾಡುವ ಯಂತ್ರ ಹೆಚ್ಚಾಗಿ ಇಂಗ್ಲಿಷ್ ನೋಡಿ ಕಲಿತಿದ್ದು. ಅದಕ್ಕೆ ಒಂದೇ ಮಾತಿಗೆ ಕನ್ನಡದಲ್ಲಿ ಟೋಕನ್ ಜಾಸ್ತಿ.

ಆದರೆ ನಿಮ್ಮ ಪ್ರಶ್ನೆ ಇಪ್ಪತ್ತು ಪದ, ಅದು ಓದುವ ಫೈಲು ಎಂಟುನೂರು ಸಾಲು. ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಲೆಕ್ಕಕ್ಕೇ ಬರಲ್ಲ. ಧಾರಾಳವಾಗಿ ಮಾತಾಡಿ. ನೋಡಬೇಕಾದದ್ದು ಕನ್ನಡ ಪಠ್ಯ ತುಂಬಿದ ಫೈಲ್‌ಗಳನ್ನು.

ಕಪಿಲಾ ದಂಡೆ · 11:52

ಅಯ್ಯೋ! ನಮ್ಮ ಆ್ಯಪಿನ ಕನ್ನಡ ಪದಗಳೆಲ್ಲ ಒಂದೇ ಫೈಲಿನಲ್ಲಿವೆ, 2,300 ಸಾಲು. 'ಬಾಕಿ ಶುಲ್ಕ', 'ಬಸ್ ನಿಲುಗಡೆ', ಎಲ್ಲಾ ಅಲ್ಲೇ. ಈಗ ನಿನ್ನೆಯ ಲಾಗ್ ತೆಗೆದು ನೋಡಿದೆ. ರಿಯಾಯಿತಿ ತಪ್ಪು ಹುಡುಕಲು ಹೋದ ಏಜೆಂಟ್ ಆ ಫೈಲನ್ನು ಪೂರ್ತಿ ಓದಿದೆ. ಎರಡು ಸಲ.

ಲೆಕ್ಕದ ಬುಕ್ಕು · 11:55

ಸಿಕ್ಕಿತಲ್ಲ ಕಳ್ಳ. ಓದಬೇಡ ಅನ್ನುವ ಪಟ್ಟಿಗೆ ಆ ಫೈಲ್ ಸೇರಿಸಿ.

ಆಡಿಟರ್ ಮಾಮ · ಮಧ್ಯಾಹ್ನ 1:20

ಅದೇ 88ರ ಲೆಕ್ಕದಲ್ಲಿ 20 ಡಾಲರ್ ಅಂದರೆ 1,760 ರೂಪಾಯಿ ಅಂತ ಬಜೆಟ್‌ನಲ್ಲಿ ಬರೆದಿದ್ದರೆ ಅಳಿಸಿ. ಶೇ 18 ಜಿಎಸ್‌ಟಿ ಸೇರಿದರೆ 23.60 ಡಾಲರ್, ಅಂದರೆ 2,077 ರೂಪಾಯಿ. ಕಾರ್ಡಿನವರು ವಿದೇಶಿ ವ್ಯವಹಾರಕ್ಕೆ ಶೇ 3.5 ಹಾಕಿದರೆ, ಅದರ ಮೇಲಿನ ಜಿಎಸ್‌ಟಿಯೂ ಸೇರಿ, 2,160 ದಾಟುತ್ತೆ. ಜಿಎಸ್‌ಟಿ ನೋಂದಣಿ ಇದ್ದರೆ ನಂಬರ್ ಕೊಡಿ. ಆಗ ಅವರು ತೆರಿಗೆ ಹಾಕಲ್ಲ, ನೀವೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಿ ಕ್ರೆಡಿಟ್ ತಗೊಳ್ಳಬಹುದು. ತುಂಬಾ ಸಣ್ಣ ಕಂಪನಿಗಳು ಈ ದುಡ್ಡು ಸುಮ್ನೆ ಬಿಡುತ್ತಿವೆ.

200 ಡಾಲರ್ ಪ್ಲಾನ್‌ಗೆ ಇನ್ನೊಂದು ತೊಂದರೆ. ತೆರಿಗೆ ಸೇರಿ 20 ಸಾವಿರ ದಾಟುತ್ತೆ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಹಣಕ್ಕೆ ಆರ್‌ಬಿಐ ಇಟ್ಟಿರುವ ಗಡಿ 15 ಸಾವಿರ. ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಸಲ ಒಟಿಪಿ ಬೇಕು. ಮರೆತರೆ ಪ್ಲಾನ್ ನಿಲ್ಲುತ್ತೆ.

ಗ್ರಾಹಕ ಕಟ್ಟೆ · 2:45

ಬ್ರಾಡ್‌ಬ್ಯಾಂಡ್‌ನಲ್ಲೂ ಇದೇ ಆಗಿತ್ತು, ನೆನಪಿರಬಹುದು. 'ಅನ್‌ಲಿಮಿಟೆಡ್' ಅಂತ ಮಾರಿ, ಎಫ್‌ಯುಪಿ (ಪೂರ್ತಿ ವೇಗದ ಡೇಟಾಗೆ ಇಟ್ಟ ಮಿತಿ) ಮುಗಿದ ಮೇಲೆ ಆಮೆ ವೇಗ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲಿ ಮಿತಿ ಎಷ್ಟು, ಆಮೇಲೆ ವೇಗ ಎಷ್ಟು ಅಂತ ಸ್ಪಷ್ಟವಾಗಿ ಹೇಳಬೇಕು, ಅರ್ಧ ಮುಗಿದಾಗ ಮತ್ತು ಶೇ 90 ಮುಗಿದಾಗ ಗ್ರಾಹಕರಿಗೆ ತಿಳಿಸಬೇಕು ಅಂತ ಆದೇಶ ಮಾಡಿತು. ಈಗ ಫೋನಿಗೆ ಬರುವ '50% ಡೇಟಾ ಬಳಸಿದ್ದೀರಿ' ಮೆಸೇಜ್ ಸುಮ್ನೆ ಬಂದಿದ್ದಲ್ಲ. ಎಐಗೆ ಅಂಥ ನಿಯಮ ಇಲ್ಲ. ಆದರೆ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಪ್ರಾಧಿಕಾರ ತಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಮೋಸಗೊಳಿಸುವ ವಿನ್ಯಾಸ) ಮಾರ್ಗಸೂಚಿಯ 13 ಬಗೆಗಳಲ್ಲಿ ಚಂದಾ ಬಲೆ, ಸಾಫ್ಟ್‌ವೇರ್ ಚಂದಾದ ಹೆಸರಲ್ಲಿ ಗೊತ್ತಾಗದಂತೆ ಹಣ ಎಳೆಯುವುದು ಎರಡೂ ಇವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಸೆಮಿಕೋಲನ್ · 2:52

ಕೊಟ್ಟು ನೋಡಿದವರು ಯಾರಾದ್ರೂ ಇದ್ದೀರಾ?

ಗ್ರಾಹಕ ಕಟ್ಟೆ · 3:05

ಎಐ ವಿಷಯಕ್ಕೆ ನಾನು ಕೊಟ್ಟಿಲ್ಲ. ಒಂದು ಕಂಪನಿಗೆ ನೇರ ಮೇಲ್ ಹಾಕಿದ್ದೆ. ಮೊದಲ ಉತ್ತರ ಬಾಟ್‌ದು. ಎರಡನೆಯದೂ ಬಾಟ್‌ದು. ಮೂರನೆಯದಕ್ಕೆ 31 ಡಾಲರ್ ವಾಪಸ್ ಬಂತು, ಕಾರಣ ಹೇಳಲಿಲ್ಲ.

ಫೈನಲ್ ಇಯರ್ ಹಾಸನ · 5:10

ನೀವೆಲ್ಲ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಚಾಟ್‌ಜಿಪಿಟಿ ಗೋ 399 ರೂಪಾಯಿಗೆ ಬಂತು, 2025ರ ನವೆಂಬರ್‌ನಿಂದ ಒಂದು ವರ್ಷ ಫ್ರೀ ಕೊಟ್ಟರು. ಜಿಯೋದವರು ಜೆಮಿನೈ ಕೊಟ್ಟರು, ಏರ್‌ಟೆಲ್‌ನವರು ಪರ್ಪ್ಲೆಕ್ಸಿಟಿ ಕೊಟ್ಟರು. ನನ್ನ ಪ್ರಾಜೆಕ್ಟ್ ಪೂರ್ತಿ ಫ್ರೀನಲ್ಲೇ ಮುಗಿಯಿತು.

ಹಳೇ ಕಂಪೈಲರ್ · 5:30

ಒಳ್ಳೇದಾಯ್ತು ತಮ್ಮಾ, ಬಳಸು. ನಿನಗೆ ಅರ್ಧಕ್ಕೆ ನಿಂತರೆ ಆ ಸಂಜೆ ಕ್ರಿಕೆಟ್ ಆಡಬಹುದು. ಅವರಿಗೆ ಶಾಲೆಯವರು ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ.

ಕಪಿಲಾ ದಂಡೆ · ಹದಿನೈದು ದಿನದ ನಂತರ, ಶನಿವಾರ ಬೆಳಗ್ಗೆ 10:15

ಕೇಳಿ ಸುಮ್ಮನಾದೆ ಅಂದುಕೊಳ್ಳಬೇಡಿ. ನಾಲ್ವರೂ ಎರಡು ವಾರ ಒಂದು ಶೀಟ್ ತುಂಬಿದೆವು. ತಾರೀಖು, ಕೆಲಸ, ಶುರುವಾದ ಹೊತ್ತು, ಲಿಮಿಟ್ ಬಿದ್ದ ಹೊತ್ತು, ಯಾವ ಮಾಡೆಲ್. ಬೇರೇನಿಲ್ಲ.

ನಾಲ್ವರಲ್ಲಿ ಇಬ್ಬರಿಗೆ ಲಿಮಿಟ್ ಒಮ್ಮೆಯೂ ಬಿದ್ದಿಲ್ಲ. ಒಬ್ಬರಂತೂ ವಾರದಲ್ಲಿ ಮೂರು ದಿನ ತೆಗೆದೇ ಇಲ್ಲ. ಬಿದ್ದಿದ್ದು ನನಗೆ ಒಂಬತ್ತು ಸಲ, ಇನ್ನೊಬ್ಬ ಹುಡುಗನಿಗೆ ಆರು ಸಲ. ಅದರಲ್ಲಿ ಹೆಚ್ಚಿನವು ಮಧ್ಯಾಹ್ನ ಮೂರರ ಮೇಲೆ, ಬೆಳಗ್ಗಿನಿಂದ ಒಂದೇ ಸೆಷನ್ ಎಳೆದುಕೊಂಡು ಬಂದಾಗ. ಕನ್ನಡದ ಫೈಲ್ ಹೊರಗಿಟ್ಟು, ಕೆಲಸಕ್ಕೊಂದು ಹೊಸ ಸೆಷನ್ ಶುರು ಮಾಡಿದ ಮೇಲೆ ಎರಡನೇ ವಾರ ನನಗೆ ಬಿದ್ದಿದ್ದು ಎರಡೇ ಸಲ.

ಈಗ ಇಬ್ಬರ ಚಂದಾ ಉಳಿಸಿ, ಇಬ್ಬರದು ನಿಲ್ಲಿಸಿದ್ದೇವೆ. ನಿಲ್ಲಿಸಿದ ಇಬ್ಬರಿಗೆ ಎಪಿಐ ಕೀ, ಮೊದಲೇ ದುಡ್ಡು ಹಾಕಿ ಬಳಸುವಂಥದ್ದು. ಮುಗಿದರೆ ಮುಗಿಯಿತು, ಹೆಚ್ಚು ಎಳೆಯಲ್ಲ. ಒಂದೊಂದು ಕೆಲಸಕ್ಕೆ ಎಷ್ಟಾಯಿತು ಅಂತ ಪೈಸೆ ಲೆಕ್ಕ ಸಿಗುತ್ತೆ. ಮೊನ್ನೆ ಬಸ್ ರೂಟ್ ಬದಲಾಯಿಸುವ ಸ್ಕ್ರೀನ್ 94 ರೂಪಾಯಿ ತಿಂದಿತು. ಜಾಸ್ತಿಯೋ ಕಡಿಮೆಯೋ ಗೊತ್ತಿಲ್ಲ, ಆದರೆ 94 ಅಂತ ಗೊತ್ತು.

ಪಾರ್ಟ್‌ನರ್‌ಗೆ ತಿಂಗಳಿಗೆ ಒಂಬತ್ತು ಸಾವಿರ ಅಂತ ಹೇಳಿದೆ. ಬಜೆಟ್ ಪುಸ್ತಕದಲ್ಲಿ ಮಿಕ್ಕಿದ್ದೆಲ್ಲ ಪೆನ್ನಿನಲ್ಲಿದೆ. ಇದೊಂದನ್ನು ಅವರು ಪೆನ್ಸಿಲ್‌ನಲ್ಲಿ ಬರೆದರು.

ಆಡಿಟರ್ ಮಾಮ · 10:40

ಮೊದಲೇ ಹಾಕಿದ ಎಪಿಐ ಕ್ರೆಡಿಟ್‌ಗೆ ಎಕ್ಸ್‌ಪೈರಿ ಇರುತ್ತಮ್ಮ, ನೋಡಿದ್ದೀರಾ? ಸಾಮಾನ್ಯವಾಗಿ ಒಂದು ವರ್ಷ.

ಕಪಿಲಾ ದಂಡೆ · 10:44

ಇಲ್ಲ ಮಾಮ. ಎಲ್ಲಿ ಬರೆದಿರುತ್ತಾರೆ ಅದನ್ನ?